ಸೈಕಲ್ಲಿನ ಚಕ್ರಬಡ್ಡಿ

ತಿಪಟೂರಿನಿಂದ ಅರಸೀಕೆರೆಯ ಕಡೆಗೆ ಹೊರಟ ರೈಲಿಗೆ ನಡುವೆ ಒಂದು ಸಣ್ಣ ನಿಲ್ದಾಣ ಸಿಗುತ್ತದೆ. ಅದರ ಫಲಕದ ಮೇಲೆ ನಮ್ಮೂರಿನ ಹೆಸರಿದೆ. ಆದರೆ ಒಂದು ಬಾಲದೊಡನೆ: ‘ಹೊನ್ನವಳ್ಳಿ ರೋಡ್’. ರೈಲ್ವೆಯವರ ರೂಢಿ ಬಲ್ಲವರಿಗೆ ಇದರ ಅರ್ಥ ಗೊತ್ತು. ಊರಿನ ಹೆಸರಿನ ಮುಂದೆ ‘ರೋಡ್’ ಎಂದು ಬರೆದಿದ್ದರೆ ಊರು ಅಲ್ಲಿಲ್ಲವೆಂದೂ, ಅಲ್ಲಿಂದ ಊರಿಗೆ ಹೋಗುವ ದಾರಿ ಮಾತ್ರ ಇದೆಯೆಂದೂ ತಿಳಿಯಬೇಕು. ಬೆಂಗಳೂರಿನಿಂದ ಹೊರಟ ಹಳಿ 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿತು. ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿದ್ದ, ಗಂಗಾಪಾಣಿ ಎಂಬ ಸವಿಯಾದ ಎಳನೀರಿನ ತೆಂಗಿಗೆ ಹೆಸರಾಗಿದ್ದ ಹೊನ್ನವಳ್ಳಿ ಮಾತ್ರ ಹಳಿಯಿಂದ ಆಚೆಗೇ ಉಳಿಯಿತು. ಉಳಿದುಹೋದ ಆ ದೂರವನ್ನು ಮೊದಲು ಕಾಲ್ನಡಿಗೆಯೂ ಎತ್ತಿನ ಗಾಡಿಯೂ, ಅನಂತರ ಬಹುಕಾಲ ಸೈಕಲ್ಲೂ ತುಂಬಿದವು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಕೊರೊನಾ ಕಾಲದ ನಂತರ ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಗೇರಿನ ಸೈಕಲ್ಲುಗಳನ್ನು ಕೊಂಡಿದ್ದಾರೆ. ಅವರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: “ಮೇಷ್ಟ್ರೇ, ಹತ್ತು ಕಿಲೋಮೀಟರಿಗೇ ನಮ್ಮ ತೊಡೆ ಬಿಗಿಯುತ್ತದೆ. ನಿಮ್ಮ ಕಾಲದವರು ಗೇರಿಲ್ಲದ ಆ ಭಾರದ ಗಾಡಿಯಲ್ಲಿ ದಿನವೂ ತಿಪಟೂರಿಗೆ ಹೇಗೆ ಹೋಗಿ ಬರುತ್ತಿದ್ದಿರಿ?” ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ: “ನೀವೆಲ್ಲ ರಾಗಿಮುದ್ದೆ ಉಂಡ ಗಟ್ಟಿ ಜನ.” ರಾಗಿಮುದ್ದೆಯ ಮೇಲೆ ನನಗೆ ಗೌರವ ಉಂಟು. ಆದರೆ ಈ ಉತ್ತರ ಸರಿಯಲ್ಲವೆಂಬುದನ್ನು ಸೈಕಲ್ಲಿನ ಚರಿತ್ರೆಯೇ ಹೇಳುತ್ತದೆ. ದೂರವನ್ನು ತುಳಿದವರು ಹುಟ್ಟಾ ಬಲಶಾಲಿಗಳೇನೂ ಆಗಿರಲಿಲ್ಲ. ದೂರವನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸಿಕೊಂಡವರಾಗಿದ್ದರು. ಗಣಿತದ ಮೇಷ್ಟ್ರಾಗಿದ್ದ ನಾನು ಇದನ್ನು ಚಕ್ರಬಡ್ಡಿ ಎಂದು ಕರೆಯುತ್ತೇನೆ. ಹೆಸರೂ ಚಕ್ರಕ್ಕೆ ಒಪ್ಪುವಂತಿದೆ.

ಮೊದಲು ಗಾಡಿಯ ಕಥೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರಗಳ ಮರದ ಗಾಡಿಯೊಂದನ್ನು ಮಾಡಿದನು. ಅದಕ್ಕೆ ಪೆಡಲು ಇರಲಿಲ್ಲ. ಸವಾರನು ಕಾಲಿನಿಂದ ನೆಲವನ್ನು ಒದೆಯುತ್ತಾ ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಬಂದಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಸರಿಸುಮಾರು ಸಮನಾದ ಎರಡು ಚಕ್ರಗಳೂ ಹಿಂದಿನ ಚಕ್ರಕ್ಕೆ ಚೈನೂ ಇರುವ ‘ರೋವರ್’ ಸೈಕಲ್ಲನ್ನು ತಯಾರಿಸಿದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ನಮ್ಮ ತಂದೆಯವರ ಕಾಲದ ಸೈಕಲ್ಲು ಈ ಎರಡರ ಮಗುವೇ. ಸ್ವಾತಂತ್ರ್ಯ ಬರುವತನಕ ನಮ್ಮಲ್ಲಿಗೆ ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ಗಾಡಿಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಆರಂಭವಾದ ಮೇಲೆ ಮೇಷ್ಟ್ರು, ಅಂಚೆಯವರು, ಶಾನುಭೋಗರು ಮುಂತಾದವರ ಮನೆಯ ಗೋಡೆಗೂ ಒಂದೊಂದು ಸೈಕಲ್ಲು ಒರಗಿ ನಿಂತಿತು.

ನಾವು ಹುಡುಗರಿಗೆ ಸ್ವಂತ ಸೈಕಲ್ಲು ಎಲ್ಲಿಯದು? ಬಾಡಿಗೆ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ತರುತ್ತಿದ್ದೆವು. ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ‘ಒಳಪೆಡಲು’ ಹೊಡೆಯುವುದು. ಆಮೇಲೆ ಬಾರಿನ ಮೇಲೆ. ಕಡೆಗೆ ಸೀಟಿನ ಮೇಲೆ. ಈಗ ಯೋಚಿಸಿದರೆ ಅದೇ ಒಂದು ಪಠ್ಯಕ್ರಮವಾಗಿತ್ತು ಎನ್ನಿಸುತ್ತದೆ. ಯಾರೂ ಮೊದಲ ದಿನವೇ ಸೀಟಿನ ಮೇಲೆ ಕೂರಲಿಲ್ಲ.

1966ರಲ್ಲಿ ಪಿ.ಯು.ಸಿ. ಓದಲು ತಿಪಟೂರಿಗೆ ಸೇರಿದಾಗ ಮನೆಗೆ ಹಳೆಯದೊಂದು ಹರ್ಕ್ಯುಲಿಸ್ ಬಂದಿತು. ಹೋಗಿ ಬರಲು ಇಪ್ಪತ್ತು ಕಿಲೋಮೀಟರನ್ನು ಮೀರಿದ ದಾರಿ. ಅದಕ್ಕೆ ಮೊದಲು ನಾನು ಕೆರೆಯ ಏರಿಯ ತನಕ ಮಾತ್ರ ತುಳಿದವನು. ನಮ್ಮ ಕಡೆಯ ಹಳ್ಳಿಗಳಿಗೆ ಟಪಾಲು ಹಂಚುತ್ತಿದ್ದ ಹಿರಿಯರೊಬ್ಬರು ನನ್ನ ತಂದೆಗೆ ಪರಿಚಿತರು. ಅವರು ಬೇಸಿಗೆ ರಜೆಯಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು. ಮೊದಲ ವಾರ ಒಂದು ಹಳ್ಳಿ, ಎರಡನೆಯ ವಾರ ಎರಡು. ಅವರ ಒಂದೇ ನಿಯಮವೆಂದರೆ ದಾರಿಯುದ್ದಕ್ಕೂ ಮಾತನಾಡುತ್ತಲೇ ಇರಬೇಕು. “ಮಾತಿಗೆ ಉಸಿರು ಸಾಲದಿದ್ದರೆ ಕಾಲು ಜಾಸ್ತಿ ಓಡ್ತಿದೆ ಅಂತ ಅರ್ಥ ಕಣಪ್ಪ, ನಿಧಾನ ಮಾಡು” ಎನ್ನುತ್ತಿದ್ದರು. ಏರು ಬಂದರೆ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತಿದ್ದರು. ಜೂನ್ ತಿಂಗಳಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ತಿಪಟೂರು ನನಗೆ ದೂರವೆನಿಸಲಿಲ್ಲ. ಆಷಾಢದ ಎದುರುಗಾಳಿ ಮಾತ್ರ ಬೇರೆಯೇ ಪಾಠ ಕಲಿಸಿತು: ಗಾಳಿಯೊಡನೆ ಜಗಳವಾಡಬಾರದು, ತಲೆ ತಗ್ಗಿಸಿ, ವೇಗ ಇಳಿಸಿ, ಅರ್ಧ ಗಂಟೆ ಮೊದಲೇ ಮನೆ ಬಿಡಬೇಕು.

ಬಹಳ ವರ್ಷಗಳ ಮೇಲೆ ಪಾಲ್ ದ ವಿವಿ ಎಂಬ ಫ್ರೆಂಚರ ವಿಷಯ ಓದಿದಾಗ ನನಗೆ ಆ ಅಂಚೆಯವರೇ ನೆನಪಾದರು. ಇವರು 1853ರಲ್ಲಿ ಹುಟ್ಟಿ, ಸೇಂತ್ ಎತಿಯೆನ್ ನಗರದಲ್ಲಿ ಸೈಕಲ್ ವ್ಯಾಪಾರ ಮಾಡಿಕೊಂಡಿದ್ದವರು. ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಾ 1887ರಿಂದ ಸೈಕಲ್ ಸವಾರರಿಗಾಗಿ ಪತ್ರಿಕೆಯನ್ನೂ ನಡೆಸಿದರು. ದೂರ ಹೋಗುವವರಿಗೆ ಅವರು ಹೇಳಿದ ನಿಯಮಗಳ ಸಾರ ಹೀಗಿದೆ: ನಿಲ್ಲುವುದು ಕಡಿಮೆಯಿರಲಿ, ನಿಂತಾಗ ಹೊತ್ತು ಹಾಕಬೇಡಿ, ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ, ಊಟವೂ ನಿದ್ರೆಯೂ ಸೇರದಷ್ಟು ದಣಿಯಬೇಡಿ, ಪ್ರತಿಷ್ಠೆಗಾಗಿ ತುಳಿಯಬೇಡಿ. ದಾರಿಗೆ ತಕ್ಕಂತೆ ಗೇರು ಬದಲಿಸುವ ವ್ಯವಸ್ಥೆ ಬೇಕೆಂದು ಅವರು ಬಲವಾಗಿ ವಾದಿಸಿದರು. ಗೇರು ಬಳಸುವುದು ದುರ್ಬಲರ ಲಕ್ಷಣವೆಂದು ಭಾವಿಸುವವರು ಆಗ ಇದ್ದರು. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಈಗಿನ ಮಾದರಿಯ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೊ ತೀರಿಕೊಂಡು ಏಳು ವರ್ಷಗಳಾಗಿದ್ದವು.

ಅದೇ ಫ್ರಾನ್ಸಿನಲ್ಲಿ 1891ರಲ್ಲಿ ಒಂದು ಪತ್ರಿಕೆ ಪ್ಯಾರಿಸ್ಸಿನಿಂದ ಬ್ರೆಸ್ಟ್ ಬಂದರಿಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರಿನ ಸ್ಪರ್ಧೆಯನ್ನು ಏರ್ಪಡಿಸಿತು. ಶಾರ್ಲ್ ತೆರಾಂ ಎಂಬಾತ 71 ಗಂಟೆ 22 ನಿಮಿಷಗಳಲ್ಲಿ ಮುಗಿಸಿ ಗೆದ್ದನು. ಆದರೆ ಸಾಮಾನ್ಯರ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಆಮೇಲೆ ಬೆಳೆದ ಸಂಪ್ರದಾಯ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗೆ 230 ಕಿಲೋಮೀಟರನ್ನು ಹಗಲು ಹೊತ್ತಿನಲ್ಲೇ ಕ್ರಮಿಸಿದರು. ಅವರಿಗೆ ‘ಆಡಾಕ್ಸ್’ ಎಂಬ ಹೆಸರು ಬಂದಿತು. ಲ್ಯಾಟಿನ್ನಿನಲ್ಲಿ ಧೈರ್ಯಶಾಲಿ ಎಂದರ್ಥ. 1904ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೆ ಕಟ್ಟುಪಾಡುಗಳಾದವು. ಆಡಾಕ್ಸ್ ಸವಾರಿಯಲ್ಲಿ ಮುಂದೊಬ್ಬ ದಾರಿಯ ನಾಯಕನಿರುತ್ತಾನೆ. ಅವನು ಇಟ್ಟ ಸಮವೇಗದಲ್ಲಿ ಇಡೀ ಗುಂಪು ಒಟ್ಟಾಗಿ ಸಾಗುತ್ತದೆ. ಅಲ್ಲಿ ಮೊದಲನೆಯವನು, ಕಡೆಯವನು ಎಂಬುದಿಲ್ಲ. 1921ರ ನಂತರ, ನಿಗದಿಯಾದ ಅವಧಿಯೊಳಗೆ ತನ್ನ ವೇಗದಲ್ಲಿ ತಾನು ಹೋಗುವ ಇನ್ನೊಂದು ಕವಲೂ ಬೆಳೆಯಿತು. ಬೆಂಗಳೂರಿನಲ್ಲಿಯೂ ನಡೆಯುವ ‘ಬ್ರೆವೆ’ಗಳು ಈ ಕವಲಿನವು.

ಅವುಗಳ ಲೆಕ್ಕವನ್ನು ನೋಡಿರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಊಟ, ವಿಶ್ರಾಂತಿ, ಪಂಕ್ಚರು ಎಲ್ಲವೂ ಸೇರಿ ಗಂಟೆಗೆ ಹದಿನೈದು ಕಿಲೋಮೀಟರಿನ ಸರಾಸರಿ ಇದ್ದರೆ ಸಾಕು. ಇದು ನಮ್ಮ ಅಂಚೆಯವರ ವೇಗವೇ! ಹಾಗೂ 200 ಆದ ಮೇಲೆ 300, ಆಮೇಲೆ 400 ಎಂಬ ಈ ಮೆಟ್ಟಿಲುಗಳಲ್ಲಿ ನೂರು ವರ್ಷಗಳ ಅನುಭವ ಅಡಗಿದೆ.

ನಮ್ಮ ದೇಶದಿಂದ ಒಂದು ಉದಾಹರಣೆ. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ಕ್ರಮಿಸಿ 1928ರ ಮಾರ್ಚ್ 18ರಂದು ಹಿಂದಿರುಗಿದರು. ಮರುಭೂಮಿ, ಹಿಮ, ಕಾಡು ಎಲ್ಲವನ್ನೂ ದಾಟಿದ ಸಾಹಸವಿದು. ಆದರೆ ತರಗತಿಯಲ್ಲಿ ನಾನು ಮಾಡಿಸುತ್ತಿದ್ದಂತೆ ಒಂದು ಭಾಗಾಕಾರ ಮಾಡಿ. ನಾಲ್ಕು ವರ್ಷ ಐದು ತಿಂಗಳೆಂದರೆ ಸುಮಾರು 1616 ದಿನ. 71,000ವನ್ನು 1616ರಿಂದ ಭಾಗಿಸಿದರೆ ದಿನಕ್ಕೆ 44 ಕಿಲೋಮೀಟರು. ತಿಪಟೂರಿನಿಂದ ಅರಸೀಕೆರೆಗೆ ಹೋಗಿ ಬಂದರೆ ಅದಕ್ಕಿಂತ ತುಸು ಹೆಚ್ಚೇ ಆಗುತ್ತದೆ. ಜಗತ್ತನ್ನು ಸುತ್ತಿಸಿದ್ದು ಆ 44ರ ಹಿರಿಮೆಯಲ್ಲ, 1616ರ ಹಿರಿಮೆ.

ಹೀಗೇಕೆ ಆಗುತ್ತದೆಂಬುದಕ್ಕೆ ವಿಜ್ಞಾನ ನಿಧಾನವಾಗಿ ಉತ್ತರ ಹುಡುಕಿತು. 1967ರಲ್ಲಿ ಅಮೆರಿಕದ ಜಾನ್ ಹಾಲೊಸಿ ಎಂಬ ವಿಜ್ಞಾನಿ ಇಲಿಗಳನ್ನು ಓಡಿಸಿ, ಓಟದ ಅವಧಿಯನ್ನು ಕ್ರಮೇಣ ಹೆಚ್ಚಿಸುತ್ತಾ ಹೋಗಿ, ಅವುಗಳ ಸ್ನಾಯುಗಳನ್ನು ಪರೀಕ್ಷಿಸಿದರು. ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ ಮೈಟೋಕಾಂಡ್ರಿಯಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ದುಡಿಮೆ ಕೇಳಿದಷ್ಟನ್ನು ಒದಗಿಸಲು ದೇಹವು ತನ್ನೊಳಗಿನ ಒಲೆಗಳನ್ನು ಹೆಚ್ಚಿಸಿಕೊಳ್ಳುತ್ತದೆ; ಆದರೆ ಅದಕ್ಕೆ ವಾರಗಳು ಬೇಕು. ಮಂಡಿಯ ಸುತ್ತಲಿನ ಸ್ನಾಯುರಜ್ಜುಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಉಸಿರು ಸಿದ್ಧವಾಯಿತೆಂದು ಮಂಡಿ ಸಿದ್ಧವಾಗಿರುವುದಿಲ್ಲ. ನಮ್ಮ ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಟ್ಟಕ್ಕೆ ಏರಿಸಿದ ಕಾಯಿ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಹಿಡಿಯುತ್ತದೆ. ಅವಸರದಿಂದ ಒಡೆದವನಿಗೆ ಕೊಬ್ಬರಿ ಸಿಗುವುದಿಲ್ಲ.

ಇಷ್ಟೆಲ್ಲ ಓದುವ ಮೊದಲೇ ಈ ತತ್ತ್ವವನ್ನು ನಾನು ಹತ್ತಿರದಿಂದ ಕಂಡದ್ದು ಶಾಲೆಯ ಹೆಣ್ಣುಮಕ್ಕಳಲ್ಲಿ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ನಮ್ಮ ಪ್ರೌಢಶಾಲೆಗೆ ಐದಾರು ಕಿಲೋಮೀಟರು ದೂರದ ಪಾಳ್ಯ, ಹಟ್ಟಿಗಳಿಂದ ಮಕ್ಕಳು ನಡೆದು ಬರುತ್ತಿದ್ದರು. ಏಳನೆಯ ತರಗತಿಗೇ ಓದು ಬಿಟ್ಟವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕತ್ತಲಾಗುವ ಮುಂಚೆ ಮಗಳು ಮನೆ ಸೇರುವುದಿಲ್ಲವೆಂಬುದೇ ತಂದೆತಾಯಿಯರ ಚಿಂತೆ. ಸೈಕಲ್ಲು ಕೊಟ್ಟ ದಿನ ಒಂದು ವಿಚಿತ್ರ ದೃಶ್ಯ ಕಂಡೆವು. ಸವಾರಿ ಬಾರದ ಹುಡುಗಿಯರು ಹೊಸ ಸೈಕಲ್ಲುಗಳನ್ನು ಪಕ್ಕದಲ್ಲಿ ತಳ್ಳಿಕೊಂಡು, ಎಮ್ಮೆ ಹೊಡೆದುಕೊಂಡು ಹೋಗುವಂತೆ, ನಡೆದೇ ಮನೆಗೆ ಹೋದರು!

ಅವರು ಕಲಿತ ಬಗೆಯನ್ನು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಮೊದಲು ಶಾಲೆಯ ಮೈದಾನ, ಅನಂತರ ಕೆರೆಯ ಏರಿಯವರೆಗೆ ಸವಾರಿ, ಮುಂದೆ ತಳ್ಳುವುದು, ಆಮೇಲೆ ಕ್ರಾಸಿನವರೆಗೆ. ಪ್ರತಿವಾರವೂ ಇಳಿಯುವ ಜಾಗ ಮನೆಗೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಒಂದು ಹಟ್ಟಿಯ ಐವರು ಸಾಲಾಗಿ ಹೋಗುತ್ತಿದ್ದರು. ಎಲ್ಲರಿಗಿಂತ ನಿಧಾನದವಳನ್ನು ಮುಂದೆ ಬಿಟ್ಟು, ಅವಳ ವೇಗಕ್ಕೆ ಉಳಿದವರು ಹೊಂದಿಕೊಳ್ಳುತ್ತಿದ್ದರು. ಆ ನಿಧಾನದವಳ ತಂದೆ ನನ್ನ ಬಳಿ ಬಂದು, “ಸಾರ್, ದೀಪಾವಳಿ ಆದ್ಮೇಲೆ ಹೊತ್ತು ಬೇಗ ಮುಳುಗುತ್ತೆ, ಆಮೇಲೆ ಕಳಿಸಲ್ಲ” ಎಂದು ಸ್ಪಷ್ಟವಾಗಿ ಹೇಳಿಹೋಗಿದ್ದರು. ಅವಳಿಗಿದ್ದದ್ದು ಮೂರು ತಿಂಗಳು. ನಾಲ್ವರು ಗೆಳತಿಯರು ಅವಳನ್ನು ಮುಂದಿಟ್ಟುಕೊಂಡು ಆರು ಕಿಲೋಮೀಟರು ತುಳಿಯುವಂತೆ ಮಾಡಿದರು. ದೀಪಾವಳಿ ಕಳೆದ ಮೇಲೆಯೂ ಅವಳು ಬೆಳಕಿರುವಾಗಲೇ ಮನೆ ಸೇರುತ್ತಿದ್ದಳು. ಎಸ್.ಎಸ್.ಎಲ್.ಸಿ. ಮುಗಿಸಿದಳು. ಆಡಾಕ್ಸ್ ಎಂಬ ಶಬ್ದವನ್ನು ಆ ಐವರೂ ಕೇಳಿದವರಲ್ಲ. ಅದರ ಅರ್ಥವನ್ನು ಮಾತ್ರ ಬಲ್ಲವರಾಗಿದ್ದರು.

ಇದು ನಮ್ಮೊಂದು ಶಾಲೆಯ ಕಥೆಯಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದೊಡನೆ ಸೈಕಲ್ಲನ್ನೂ ಸಾವಿರಾರು ಗ್ರಾಮೀಣ ಮಹಿಳೆಯರು ಕಲಿತರು. ಬಿಹಾರವು 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆಯನ್ನು ತಂದಿತು. ಅದನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟಿಸಿದರು. ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿ. ನಮ್ಮ ರಾಜ್ಯದ ಯೋಜನೆ 2019-20ರ ಸಾಲಿನ ನಂತರ ನಿಂತಿತು. ಹಾಗೆ ನಿಂತಾಗ ಹಟ್ಟಿಯಿಂದ ಶಾಲೆಗಿರುವ ಆರು ಕಿಲೋಮೀಟರು ಮತ್ತೆ ಆರಾಗಿಯೇ ಉಳಿಯಿತೆಂಬುದು ನನ್ನ ಮನಸ್ಸನ್ನು ಕೊರೆಯುತ್ತದೆ.

ಈಗ ಹೊಸದಾಗಿ ತುಳಿಯುವವರಿಗೆ ಲೆಕ್ಕ ಹೇಳುತ್ತೇನೆ. ವಾರಕ್ಕೆ ಹತ್ತರಲ್ಲೊಂದು ಪಾಲು ಮಾತ್ರ ದೂರ ಹೆಚ್ಚಿಸಬೇಕೆಂಬ ಮಾತು ಕ್ರೀಡಾಪಟುಗಳಲ್ಲಿ ರೂಢಿಯಲ್ಲಿದೆ. ಅದು ಶಾಸ್ತ್ರದ ನಿಯಮವಲ್ಲ, ಅನುಭವದ ಅಳತೆ. ಮೊದಲ ವಾರದ ದೀರ್ಘ ಸವಾರಿ 5 ಕಿಲೋಮೀಟರು ಎಂದಿಟ್ಟುಕೊಳ್ಳಿ. ಶೇಕಡಾ ಹತ್ತರ ಚಕ್ರಬಡ್ಡಿಯಲ್ಲಿ ಎಂಟನೆಯ ವಾರಕ್ಕೆ ಸುಮಾರು 10, ಹದಿನಾರನೆಯ ವಾರಕ್ಕೆ 21, ಇಪ್ಪತ್ತಮೂರನೆಯ ವಾರಕ್ಕೆ 40 ಕಿಲೋಮೀಟರು ಆಗುತ್ತದೆ. ಮೂವತ್ತಾರನೆಯ ವಾರಕ್ಕೆ 140! ಅದು ಬೆಂಗಳೂರಿನಿಂದ ತಿಪಟೂರಿಗಿರುವ ದೂರ. ದೇಹ ಕಪ್ಪುಹಲಗೆಯಲ್ಲ, ಆದ್ದರಿಂದ ನಾಲ್ಕು ವಾರಕ್ಕೊಮ್ಮೆ ದೂರವನ್ನು ಇಳಿಸಿ ವಿಶ್ರಾಂತಿ ಕೊಡಿ. ಒಂದು ವರ್ಷ ಹಿಡಿಯಲಿ, ನಷ್ಟವೇನು? ಬಡ್ಡಿಗೆ ಆಸೆಪಟ್ಟು ಒಂದೇ ಭಾನುವಾರ ಐವತ್ತು ತುಳಿದವನು ಮಂಡಿ ನೋವಿನಿಂದ ತಿಂಗಳು ಕುಳಿತರೆ ಅಸಲಿಗೇ ಮೋಸ.

ಉಳಿದದ್ದು ಸಣ್ಣ ಮಾತುಗಳು. ವಾರದಲ್ಲಿ ಎರಡು ಮೂರು ಸಲ ಕಡಿಮೆ ದೂರ, ಒಂದು ಸಲ ದೀರ್ಘ ಸವಾರಿ. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೇರವಾಗುವಷ್ಟು ಸೀಟು ಎತ್ತರವಿರಲಿ. ತಗ್ಗಾದ ಸೀಟು ಮಂಡಿಯ ಶತ್ರು. ಏರಿನಲ್ಲಿ ಹಗುರ ಗೇರಿಗೆ ಇಳಿಯಿರಿ. ಒಂದು ಗಂಟೆಗೆ ಮೀರಿದ ಸವಾರಿಯಾದರೆ ಬಾಳೆಹಣ್ಣು, ಕಡಲೆಕಾಯಿ ಬೆಲ್ಲ, ಉಪ್ಪು ಬೆರೆಸಿದ ಮಜ್ಜಿಗೆ ಜೊತೆಗಿರಲಿ. ಎಳನೀರು ನಮ್ಮ ದಾರಿಯಲ್ಲಿ ಹೇಗೂ ಸಿಗುತ್ತದೆ. ನಲವತ್ತು ದಾಟಿದವರು, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣಿರಿ. ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ ಇಲ್ಲದೆ ಹೆದ್ದಾರಿಗೆ ಇಳಿಯಬೇಡಿ. ನಮ್ಮ ಕಾಲದಲ್ಲಿ ಇಲ್ಲದ ಲಾರಿಗಳು ಈಗ ಇವೆ. ಮತ್ತು ಸಾಧ್ಯವಾದರೆ ಒಬ್ಬರೇ ಹೋಗಬೇಡಿ. ಗುಂಪಿನಲ್ಲಿ ನಿಧಾನದವರನ್ನು ಮುಂದೆ ಬಿಡಿ.

ನಿಮ್ಮಲ್ಲಿ ಯಾರು ಎಲ್ಲಿಂದ ಎಷ್ಟು ದೂರ ತುಳಿದು ಶಾಲೆಗೆ ಬರುತ್ತಿದ್ದಿರಿ, ಯಾರ ಜೊತೆ ಬರುತ್ತಿದ್ದಿರಿ ಎಂಬುದನ್ನು ಬರೆದು ತಿಳಿಸಿ. ಆ ದೂರಗಳನ್ನೆಲ್ಲ ಒಂದು ಪಟ್ಟಿ ಮಾಡಿ ಕೂಡಿಸಿ ನೋಡಬೇಕೆಂಬ ಆಸೆ ನನಗಿದೆ. ಮೊತ್ತ ಎಪ್ಪತ್ತೊಂದು ಸಾವಿರವನ್ನು ಮೀರೀತೆಂದೇ ನನ್ನ ಅಂದಾಜು.